ಬಾಗಿಲ ಸಂದಿಯ ಗಿಳಿಗಳು

ಹುಟ್ಟಿದ ಕೂಸನ್ನು ನೋಡಲು ಹೋಗುವುದೆಂದರೆ ನನಗೆ ಮೊದಲಿಂದಲೂ ಹೆದರಿಕೆ. ಬೇರೆಯವರು ಮೂಗು ಯಾರದು, ಬಣ್ಣ ಯಾರದು ಎಂದು ನೋಡುತ್ತಾರೆ. ನಾನು ನೆತ್ತಿ ನೋಡುತ್ತೇನೆ. ಎಣ್ಣೆ ಹಚ್ಚಿದ ಆ ಮೆತ್ತನೆಯ ಜಾಗ, ಒಳಗಿನಿಂದ ಯಾರೋ ಬೆರಳಲ್ಲಿ ತಟ್ಟುತ್ತಿರುವ ಹಾಗೆ, ಮೇಲೆ ಕೆಳಗೆ ಆಡುತ್ತಿರುತ್ತದೆ. ಅದು ಆಡುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ನಾನು ಚಹಾಕ್ಕೆ ಕೂಡುವುದು. ನನ್ನ ಎರಡು ಮಕ್ಕಳು ಸಣ್ಣವಿದ್ದಾಗಲೂ ಹೀಗೇ. ನನ್ನ ಗಂಡ ನಗುತ್ತಿದ್ದರು, "ನೀ ಕೂಸ ಆಡಸಾಕತ್ತಿಲ್ಲ, ಕಾವಲ ಕಾಯಾಕತ್ತಿ" ಎಂದು.

ಹೋದ ವರ್ಷದ ಥಂಡಿಯಲ್ಲಿ ನನ್ನ ಅಕ್ಕನ ಮಗಳು ಹಡೆದಳು. ಮೊದಲ ಹೆರಿಗೆ, ಹಾಗಾಗಿ ತವರಿನಲ್ಲಿ. ಅಕ್ಕನ ಮನೆ ಬೇಡಕಿಹಾಳದಲ್ಲಿ, ನಾನಿರುವುದು ನಿಪ್ಪಾಣಿಯಲ್ಲಿ. ಹೆಣ್ಣು ಕೂಸು, ತೂಕ ಸ್ವಲ್ಪ ಕಡಿಮೆ, ಆದರೆ ಗಟ್ಟಿ ಅಳುತ್ತದೆ ಎಂದು ಸುದ್ದಿ ಬಂತು. ಗಟ್ಟಿ ಅಳುತ್ತದೆ ಎಂಬುದನ್ನು ಕೇಳಿ ನನಗೆ ಸಮಾಧಾನವಾಯಿತು.

ಆಮೇಲೆ ಏನು ಒಯ್ಯುವುದು ಎಂಬ ಯೋಚನೆ. ನಿಪ್ಪಾಣಿಯ ಅಂಗಡಿಯಲ್ಲಿ ಹೊಳೆಯುವ ಹಾಳೆ ಸುತ್ತಿದ ಬುಟ್ಟಿಗಳಿದ್ದವು. ಸೋಪು, ಪೌಡರು, ಎಣ್ಣೆ, ಗಿಲಕಿ, ಮತ್ತೊಂದು ಬಾಚಣಿಗೆ. ಕೂದಲೇ ಇಲ್ಲದ ಕೂಸಿಗೆ ಬಾಚಣಿಗೆ ಏಕೆಂದು ಕೇಳಿದರೆ ಅಂಗಡಿಯವನು, "ಸೆಟ್ ಅದ ರೀ ವೈನಿ, ಬಿಡಿಸಾಕ ಬರೂದಿಲ್ಲ" ಎಂದ. ನಾನು ವಾಪಸಿಟ್ಟೆ. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಒಬ್ಬರಿದ್ದರು. ಯಾರಿಗಾದರೂ ಏನಾದರೂ ಹೊಲಿದು ಕೊಡುವಾಗ ಕೇಳುತ್ತಿದ್ದರು: "ಇದನ್ನು ಅವರು ನಾಳೆ ಬೆಳಿಗ್ಗೆ ಯಾವುದಕ್ಕೆ ಉಪಯೋಗಿಸುತ್ತಾರೆ?" ಉತ್ತರ ಬರದಿದ್ದರೆ ಬಿಚ್ಚಿಸುತ್ತಿದ್ದರು. ಆ ಪ್ರಶ್ನೆ ನನ್ನ ತಲೆಯಿಂದ ಇಂದಿಗೂ ಹೋಗಿಲ್ಲ. ಅದಕ್ಕೇ ಅಕ್ಕನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ.

"ಬಾಬಾಸೂಟ್ ಅಂತೂ ತರಬ್ಯಾಡ ಬೇ," ಅಂದಳು ಅಕ್ಕ. "ಹನ್ನೊಂದ ಬಂದಾವ. ಕೂಸಿನ ಮೈ ಒಂದ ಐತಿ."

"ಮತ್ತ ಏನ ತರಲಿ?"

"ಶೇಗಡಿ ತಗೊಂಡ ಬಾ. ನಮ್ಮದು ಹಳೇ ಮನಿ ಕೆಡವೂ ಮುಂದ ಎಲ್ಲಿ ಹೋತೋ ಏನೋ. ತಗಡಿನ ಬುಟ್ಟಿಯೊಳಗ ಕೆಂಡ ಹಾಕಿ ಹೊರಸಿನ ಬುಡಕ ಇಡಾಕತ್ತೇನಿ, ಅದು ತೂತ ಬಿದ್ದೈತಿ."

ನಮ್ಮ ಕಡೆ ಬಾಣಂತಿ ಮಲಗುವ ಹೊರಸಿನ ಕೆಳಗೆ ಶೇಗಡಿ, ಅಂದರೆ ಕೆಂಡದ ಅಗ್ಗಿಷ್ಟಿಕೆ, ಇಡುತ್ತಾರೆ. ಹಗ್ಗದ ಹೆಣಿಗೆಯ ಸಂದಿಯಿಂದ ಶಾಖ ಮೇಲೆ ಬಂದು ಬೆನ್ನಿಗೆ, ಸೊಂಟಕ್ಕೆ ಹತ್ತಬೇಕು. ನಮ್ಮವ್ವ ಹಾಗೇ ಮಲಗಿದ್ದಳು, ಅಕ್ಕ ಹಾಗೇ ಮಲಗಿದ್ದಳು, ನಾನೂ ಮಲಗಿದ್ದೆ. ಆ ಶಾಖ ಎಷ್ಟು ಹಿತವೆಂದು ನನಗೆ ಗೊತ್ತು. ನಾಳೆ ಬೆಳಿಗ್ಗೆಯೇ ಉಪಯೋಗಕ್ಕೆ ಬರುವ ವಸ್ತು. ಸಿಸ್ಟರ್ ಒಪ್ಪುತ್ತಿದ್ದರು.

ಅಷ್ಟರಲ್ಲಿ ಅಕ್ಕನ ಮಗಳು ಫೋನು ಕಸಿದುಕೊಂಡು ವಿಡಿಯೋ ಹಚ್ಚಿದಳು. ಕಿವಿಗೆ ಅರಳೆ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ನಡುವೆ ಸಣ್ಣ ಮುಖ. "ಮೌಶಿ, ಬಾಗಲ ಬುಡಕಿಂದ ಥಂಡಿ ಗಾಳಿ ಬರತೈತಿ. ಅವ್ವ ಗೋಣಿಚೀಲ ಒತ್ತಿ ಇಟ್ಟಾಳ. ಅದರ ವಾಸನಿಗೆ ಊಟ ಹೋಗವಲ್ದು."

ಅಕ್ಕ ಕೇಳಿದ್ದು ಒಂದು ಉಡುಗೊರೆ, ನಾನು ಬುದ್ಧಿವಂತಿಕೆಯಿಂದ ಎರಡನೆಯದು ಸೇರಿಸಿದೆ. ಹಳೆಯ ದಪ್ಪ ಚಾದರಿನಿಂದ ಬಾಗಿಲಿನಷ್ಟು ಅಗಲದ, ತೋಳಿನಷ್ಟು ದಪ್ಪದ ಒಂದು ಉದ್ದ ಚೀಲ ಹೊಲಿದು, ಒಳಗೆ ಅರಳೆ, ಅರಳೆಯ ನಡುವೆ ತೂಕಕ್ಕೆಂದು ತೊಳೆದು ಒಣಗಿಸಿದ ಉಸುಕು ತುಂಬಿದೆ. ಬಾಗಿಲ ಸಂದಿಗೆ ಒತ್ತಿಟ್ಟರೆ ದಾರದಷ್ಟೂ ಗಾಳಿ ನುಸುಳಬಾರದು ಎಂದು ಮೂರು ಸಲ ನಮ್ಮ ಬಾಗಿಲಿಗೇ ಹಚ್ಚಿ ನೋಡಿದೆ. ಮೇಲೆ ಸರಪಳಿ ಹೊಲಿಗೆಯಲ್ಲಿ ಸಾಲಾಗಿ ಏಳು ಹಸಿರು ಗಿಳಿ ತೆಗೆದೆ. ಕೂಸು ಮಲಗಿದಲ್ಲಿಂದ ಕಣ್ಣಿಗೆ ಬಣ್ಣ ಕಾಣಲಿ ಎಂದು. ಅಳಿಯನಿಗೂ ಒಂದು ದಪ್ಪ ಟವೆಲ್ಲು ತೆಗೆದಿಟ್ಟೆ, ಹಾಲು ಕಕ್ಕುವ ಕೂಸನ್ನು ಹೆಗಲಿಗೆ ಹಾಕಿಕೊಳ್ಳುವವನಿಗೆ ಬೇಕಾಗುತ್ತದೆ ಎಂದು. ಹೊಸ ತಂದೆಗೆ ಯಾರೂ ಏನೂ ಒಯ್ಯುವುದಿಲ್ಲ.

ಶುಕ್ರವಾರ ಬಸ್ಸಿನಲ್ಲಿ ಶೇಗಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಂಡಕ್ಟರ್, "ಬಸ್ಸಿನ್ಯಾಗ ಚಾ ಮಾಡಾವ್ರೇನ್ರೀ? ನನಗೂ ಅರ್ಧ ಕಪ್ ಇಡ್ರಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ದಿನ ನನಗೆ ಯಾವ ಹೆದರಿಕೆಯೂ ಇರಲಿಲ್ಲ.

ಅಕ್ಕನ ಹೊಸ ಮನೆ ಸ್ಲ್ಯಾಬಿನದು. ಬಾಣಂತಿಯ ಕೋಣೆ ಸಣ್ಣದು, ಒಂದೇ ಕಿಟಕಿ, ಸರಿಸಿ ಮುಚ್ಚುವ ಗಾಜಿನದು. ಆ ಕಿಟಕಿಯ ಅಂಚಿನ ಉದ್ದಕ್ಕೂ ಅಕ್ಕ ಹಳೆ ಸೀರೆ ತುರುಕಿ ಮೇಲೆ ಅಂಟುಪಟ್ಟಿ ಹಚ್ಚಿದ್ದಳು. ನಾನು ಹೋದಾಗ ಕೂಸಿಗೆ ನೀರೆರೆದು ಮುಗಿದಿತ್ತು. ಎರೆಯುವ ಮುದುಕಿ ಅಂಗಳದಲ್ಲಿ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಶೇಗಡಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಛಲೋ ದಪ್ಪ ಐತ್ರೀ. ಈಗಿನವ್ರು ಬರೇ ಗೊಂಬಿ ತರತಾರ. ನೀವು ತಿಳದಾಕಿ" ಎಂದಳು. ಗಿಳಿಯ ಚೀಲ ನೋಡಿ ಅಕ್ಕ ಮಗಳನ್ನು ಕರೆದು ತೋರಿಸಿದಳು. ಬಾಗಿಲು ಮುಚ್ಚಿ, ಚೀಲ ಒತ್ತಿ, ಕೆಳಗೆ ಅಂಗೈ ಹಿಡಿದು, "ಏನೂ ಬರವಲ್ದು! ಕಾನ್ವೆಂಟ್ ಶ್ಯಾಣ್ಯಾಕಿ, ಖರೇ ಶ್ಯಾಣ್ಯಾಕಿ ಆದಿ ನೋಡ" ಎಂದಳು. ಅಕ್ಕ ನನ್ನನ್ನು ಹೊಗಳುವುದು ಅಪರೂಪ. ನಾನು ಉಬ್ಬಿದೆ.

ಅಂಗಳದಲ್ಲಿ ಇದ್ದಲಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಪಗಾದ ಮೇಲೆಯೇ ಅಕ್ಕ ಶೇಗಡಿಯನ್ನು ಒಳಗೆ ಒಯ್ಯುತ್ತಿದ್ದಳು. ಹೊಗೆ ಕೂಸಿಗೆ ಕೆಟ್ಟದ್ದು ಎಂದು ಅವಳಿಗೆ ಗೊತ್ತಿತ್ತು. ಅಷ್ಟು ಎಚ್ಚರದ ಮನೆ ಅದು.

ಶನಿವಾರ ಮುಂಜಾನೆ ಮಗಳು ತಲೆನೋವು ಎಂದಳು. ಎರೆಯುವ ಮುದುಕಿ ಹಣೆ ಒತ್ತಿ ನೋಡಿ, "ತಲಿಗೆ ಗಾಳಿ ಹೊಕ್ಕೈತಿ" ಎಂದು ಕಿವಿಯ ಅರಳೆ ಬದಲಿಸಿ, ತಲೆಬಟ್ಟೆ ಇನ್ನೂ ಬಿಗಿದಳು. ಅಕ್ಕ ಶೇಗಡಿಗೆ ಇನ್ನೆರಡು ಹಿಡಿ ಇದ್ದಲಿ ಹಾಕಿದಳು. ಮಧ್ಯಾಹ್ನ ಅಂಟಿನುಂಡಿ ತಿನ್ನುತ್ತ ಮಗಳು, "ಮೌಶಿ, ಹೊಟ್ಟಿ ತೊಳಸಿದಂಗ ಆಗಾಕತ್ತೈತಿ" ಎಂದು ಅರ್ಧ ಉಂಡೆ ಕೆಳಗಿಟ್ಟಳು. ತುಪ್ಪ ಜಾಸ್ತಿ ಆಗಿರಬೇಕು ಎಂದೆವು. ನಾನು ಅವಳ ಹತ್ತಿರ ಒಂದು ತಾಸು ಕೂತು ಎದ್ದಾಗ ನನ್ನ ಕಣ್ಣಿನ ಹಿಂದೆಯೂ ಭಾರ. ಬಸ್ಸಿನ ಆಯಾಸ ಎಂದುಕೊಂಡೆ. ಅಂಗಳಕ್ಕೆ ಬಂದು ಕೂತು ಸೊಪ್ಪು ಸೋಸುವಷ್ಟರಲ್ಲಿ ಅದು ಹೋಗಿತ್ತು. ಹೋದದ್ದನ್ನು ಗಮನಿಸಿದೆ, ಯಾಕೆ ಹೋಯಿತೆಂದು ಕೇಳಿಕೊಳ್ಳಲಿಲ್ಲ.

ಕೂಸು ಮಾತ್ರ ಚೆನ್ನಾಗಿ ನಿದ್ದೆ ಮಾಡತೊಡಗಿತು. "ನಿನ್ನ ಶೇಗಡಿ ಕಾಲಗುಣ," ಅಕ್ಕ ಅಂದಳು. "ಎರಡ ದಿನದ ಹಿಂದ ಹೆಂಗ ಒದರತಿತ್ತು, ಈಗ ನೋಡು, ಹೂವಿನಂಗ ಮಲಗೇತಿ."

ಗಟ್ಟಿ ಅಳುತ್ತದೆ ಎಂದು ಕೇಳಿ ಸಮಾಧಾನಪಟ್ಟವಳು ನಾನು. ಅಳುತ್ತಿಲ್ಲ ಎಂದಾಗ ನನಗೆ ಒಳಗೆಲ್ಲೋ ಚುಚ್ಚಿತು. ನೆತ್ತಿ ನೋಡಿದೆ. ಆಡುತ್ತಿತ್ತು.

ರವಿವಾರ ಅಳಿಯ ಚಿಕ್ಕೋಡಿಯಿಂದ ಗಾಡಿಯ ಮೇಲೆ ಬಂದ. ಕೂಸನ್ನು ಎರಡೂ ಅಂಗೈಯಲ್ಲಿ ತುಂಬಿದ ತಾಟಿನಂತೆ ಹಿಡಿದು ನಿಂತ. "ಮೌಶಿ, ಇದನ್ನ ಹೆಂಗ ಹೊಳ್ಳಸೂದು? ಎಲ್ಲಿ ಹಿಡದರೂ ಮೆತ್ತಗ ಹತ್ತತೈತಿ." ನಾನು ಟವೆಲ್ಲು ಅವನ ಹೆಗಲಿಗೆ ಹಾಕಿ ಕೂಸನ್ನು ಅದರ ಮೇಲೆ ಒರಗಿಸಿಕೊಟ್ಟೆ. ಅವನು ಬಾಗಿಲ ಸಂದಿಯ ಗಿಳಿಗಳನ್ನು ನೋಡಿ, "ಭಾರೀ ಚಂದ ಹೊಲದೀರಿ ಮೌಶಿ. ನಮ್ಮ ಮನಿಗೂ ಒಂದ ಬೇಕು" ಎಂದ. ಹೆಂಡತಿ ಕೂಸಿನ ಪಕ್ಕ ಚಾಪೆಯ ಮೇಲೆ ಒಂದು ನಿದ್ದೆ ತೆಗೆದು ಎದ್ದವನು ಹಣೆ ಹಿಡಿದುಕೊಂಡು ಹೊರಗೆ ಬಂದ. "ಬಿಸಲಾಗ ಗಾಡಿ ಹೊಡದು ತಲಿ ಹಿಡದೈತಿ."

ಪ್ರತಿಯೊಬ್ಬರ ತಲೆನೋವಿಗೂ ಒಂದೊಂದು ಕಾರಣ ಸಿಕ್ಕಿತ್ತು. ಬಾಣಂತಿಗೆ ಗಾಳಿ, ನನಗೆ ಬಸ್ಸು, ಅಳಿಯನಿಗೆ ಬಿಸಿಲು.

ಅವನು ಗಾಡಿ ಹತ್ತಿ ಹೋಗುವುದನ್ನು ನೋಡುತ್ತ ನಿಂತಾಗ ನನಗೆ ಸಿಸ್ಟರ್ ನೆನಪಾದರು. ಹೊಲಿಗೆಯ ಪ್ರಶ್ನೆಗಾಗಿ ಅಲ್ಲ, ಬೇರೆಯದಕ್ಕೆ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಇಂಥದೇ ಥಂಡಿಯಲ್ಲಿ, ಶಾಲೆಯ ಕಾವಲುಗಾರ ತನ್ನ ಗೂಡಿನಂಥ ಕೋಣೆಯೊಳಗೆ ಕೆಂಡದ ಬೋಗುಣಿ ಇಟ್ಟುಕೊಂಡಿದ್ದ. ಸಿಸ್ಟರ್ ಅದನ್ನು ತಮ್ಮ ಕೈಯಿಂದಲೇ, ನಿಲುವಂಗಿಯ ಅಂಚು ಮೇಲೆತ್ತಿ ಹಿಡಿದು, ಹೊರಗೆ ತಂದಿಟ್ಟರು. ಅವನು ಗೊಣಗಿದ, "ಹೊಗಿ ಇಲ್ರಿ ಸಿಸ್ಟರ್, ಬರೇ ಕೆಂಡ." ಅವರು ಅಂದದ್ದು ನಾವು ಹುಡುಗಿಯರೆಲ್ಲ ಕೇಳಿದ್ದೆವು. "ಹೊಗೆ ಇದ್ದರೆ ಕೆಮ್ಮಿ ಎದ್ದು ಬರುತ್ತಿದ್ದೆ. ಹೊಗೆ ಇಲ್ಲದ್ದಕ್ಕೇ ಹೆದರಬೇಕು."

ಇಷ್ಟು ವರ್ಷ ಅದು ನನ್ನೊಳಗೆ ಎಲ್ಲಿತ್ತೋ. ನಾನೇ ಶೇಗಡಿಯ ಮೇಲೆ ಮಲಗಿ ಎರಡು ಬಾಣಂತನ ಮಾಡಿಸಿಕೊಂಡಾಗ ಯಾಕೆ ನೆನಪಾಗಲಿಲ್ಲ? ಆಗ ನಾನು ಮಲಗಿದ್ದು ತವರಿನ ಹಂಚಿನ ಮನೆಯಲ್ಲಿ. ಹಂಚಿನ ಸಂದಿಯಿಂದ ಬೆಳಕಿನ ಕೋಲುಗಳು ಇಳಿಯುತ್ತಿದ್ದವು. ಬಾಗಿಲ ಕೆಳಗೆ ಬೆಕ್ಕು ಹೊಟ್ಟೆ ಚಪ್ಪಟೆ ಮಾಡಿಕೊಂಡು ನುಸುಳಿ ಬರುತ್ತಿತ್ತು. ಆ ಮನೆ ತಾನಾಗಿಯೇ ಉಸಿರಾಡುತ್ತಿತ್ತು. ಈ ಮನೆ ಉಸಿರಾಡುತ್ತಿದ್ದ ಒಂದೇ ಸಂದಿಗೆ ನಾನು ಗಿಳಿ ತೆಗೆದು ಮುಚ್ಚಿದ್ದೆ.

ಒಳಗೆ ಹೋಗಿ, ಯಾರೂ ನೋಡದ ಹಾಗೆ, ಚೀಲವನ್ನು ಕಾಲಿನಿಂದ ಮೂಲೆಗೆ ಸರಿಸಿದೆ. ಸಂಜೆ ಬಂದ ಎರೆಯುವ ಮುದುಕಿ ಅದನ್ನು ಎತ್ತಿ ಹಿಡಿದು, "ಯಾರ ತಗದಾರ ಇದನ್ನ? ಥಂಡಿ ಬಡದು ಕೂಸಿನ ಎದಿ ಕಟ್ಟಿದರ ಯಾರ ಜವಾಬ್ದಾರಿ?" ಎಂದು ಕೇಳಿದಳು.

"ಬೆಕ್ಕ ಎಳದಿರಬೇಕು," ಎಂದೆ.

ಅವಳು ಚೀಲವನ್ನು ಮತ್ತೆ ಒತ್ತಿ ಇಟ್ಟಳು. ಆ ಸುಳ್ಳು ಇನ್ನೂ ನನ್ನ ಬಾಯಲ್ಲಿದೆ.

ಆದರೂ ಅಕ್ಕನ ಮುಂದೆ ಒಂದು ಮಾತು ತೆಗೆದೆ. ಮೆಲ್ಲಗೆ, ರೊಟ್ಟಿ ಹಿಟ್ಟು ಕೊಡುತ್ತ. "ಅಕ್ಕಾ, ಬಾಗಲ ಮುಚ್ಚಿ ಕೆಂಡ ಇಡಬಾರದಂತ ನಮ್ಮ ಸಿಸ್ಟರ್ ಅಂತಿದ್ರು."

ಅಕ್ಕ ಹೊಟ್ಟೆ ಹಿಡಿದು ನಕ್ಕಳು. "ನಿಮ್ಮ ಸಿಸ್ಟರ್ ಎಷ್ಟ ಬಾಣಂತನ ಮಾಡ್ಯಾರಂತ?"

ಮುದುಕಿ ಹೊಸ್ತಿಲಿಂದ ದನಿಗೂಡಿಸಿದಳು. "ಈ ಎರಡ ಕಾಲಿನ ಮ್ಯಾಲ ಬೇಡಕಿಹಾಳದ ಅರ್ಧ ಪಂಚಾಯ್ತಿ ಮಲಗಿ ಎರಕೊಂಡೈತ್ರೀ. ಒಬ್ಬರ ಕೆಂಡಕ್ಕ ಸತ್ತಾರೇನು?"

ಸತ್ತಿರಲಿಲ್ಲ. ಅವಳು ಹೇಳಿದ್ದೂ ಖರೆ. ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಅವ್ವ ಹೋದ ಮೇಲೆ ನನಗೆ ಅವ್ವನ ಹಾಗೆ ಇದ್ದವಳು. ಬಾಣಂತಿಯ ಕೋಣೆಯಿಂದ ಬೆಂಕಿ ಹೊರಗೆ ತರಬೇಕೆನ್ನುವುದು ಅಪಶಕುನದ ಮಾತು. ಅಳುಕಿದೆ. ಆ ರಾತ್ರಿ ಕೋಣೆಯಲ್ಲೇ ಮಲಗುತ್ತೇನೆ ಎಂದು ಹಟ ಮಾಡಿ, ಅಕ್ಕ ಮಲಗಿದ ಮೇಲೆ ಬಾಗಿಲು ತುಸು ತೆರೆದು, ಬೆಳಗಾಗುವ ಮುಂಚೆ ಮುಚ್ಚಿದೆ. ಕಳ್ಳಿಯ ಹಾಗೆ. ಬಾಯಿಬಿಟ್ಟು ಹೇಳುವುದಕ್ಕಿಂತ ಅದು ಸುಲಭವಾಗಿತ್ತು. ಸೋಮವಾರ ಮುಂಜಾನೆ ಮಗಳ ತಲೆನೋವು ಇಳಿದಿತ್ತು. ಕೂಸು ಎರೆಯುವಾಗ ಗಟ್ಟಿಯಾಗಿ ಅತ್ತಿತು. ನೋಡಿದೆಯಾ, ಎಲ್ಲ ಸರಿ ಇದೆ ಎಂದು ನನ್ನ ಹೆದರಿಕೆಯನ್ನು ನಾನೇ ಗದರಿಸಿದೆ. ಸರಿಯಾದದ್ದು ಯಾಕೆ ಎಂದು ಆಗಲೂ ಕೇಳಿಕೊಳ್ಳಲಿಲ್ಲ. ಮಧ್ಯಾಹ್ನ ಊಟವಾಗಿ ತಾಯಿ ಕೂಸು ಮಲಗಿದರು. ಅಕ್ಕ ಶೇಗಡಿ ತುಂಬಿ ಇಟ್ಟು, ಗಿಳಿಗಳನ್ನು ಹೊರಗಿನಿಂದ ಬಾಗಿಲಿಗೆ ಒತ್ತಿ ಬಂದಳು. ನಾನು ಹಿತ್ತಲಿನಲ್ಲಿ ಕೂಸಿನ ಬಟ್ಟೆ ಒಗೆಯಲು ಕೂತೆ.

ನಾಲ್ಕು ಗಂಟೆಯ ಸುಮಾರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕಾದ ಜೈನರ ಮನೆ ಅದು, ಹಾಗಾಗಿ ಆಗಲೇ ಅಡುಗೆಮನೆಯಿಂದ ಅಕ್ಕ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ತಪ್ ತಪ್ ತಪ್. ಒಣಗಿದ ಬಟ್ಟೆ ಮಡಚುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಬೇರೆ ಯಾವ ಸಪ್ಪಳವೂ ಇಲ್ಲವೆಂದು ಹೊಳೆಯಿತು. ಕೂಸು ಒಂದೂವರೆಗೆ ಹಾಲು ಕುಡಿದದ್ದು. ಮೂರಕ್ಕೆ ಅಳಬೇಕಿತ್ತು.

ಬಾಗಿಲು ದೂಡಿದೆ. ಬಿಸಿ ಮುಖಕ್ಕೆ ಬಡಿಯಿತು. ಗೋಡೆಯ ಗೂಡಿನಲ್ಲಿ ಅಕ್ಕ ಹಚ್ಚಿದ್ದ, ತಾಸುಗಟ್ಟಲೆ ಉರಿಯುವ ದಪ್ಪ ಊದಿನಕಡ್ಡಿ ಇನ್ನೂ ಉರಿಯುತ್ತಿತ್ತು. ಅದರ ಹೊಗೆ ಒಂದು ದಾರ ಎಳೆದ ಹಾಗೆ, ಎಲ್ಲಿಯೂ ಬಾಗದೆ, ನೆಟ್ಟಗೆ ಮೇಲೇರಿ ಸ್ಲ್ಯಾಬಿನ ಕೆಳಗೆ ಹಾಸಿಕೊಂಡು ನಿಂತಿತ್ತು. ನಾನು ಬಾಗಿಲು ತೆರೆದಾಗ ಮಾತ್ರ ಆ ದಾರ ನಡುಗಿತು.

"ಏಳವ್ವ, ಕೂಸಿಗೆ ಹಾಲ ಕುಡಸೂ ಹೊತ್ತಾತು," ಎಂದೆ.

ಮಗಳು ಕಣ್ಣು ತೆರೆದಳು. ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. "ಮೌಶಿ..." ಎಂದಳು, ಬಾಯಿ ತುಂಬ ಅನ್ನವಿದ್ದವರ ಹಾಗೆ. "ಕೈ... ಎತ್ತಾಕ ಬರವಲ್ದು."

ನಾನು ಈಗಲೂ ನಾಚುವುದು ಇದಕ್ಕೆ. ಆ ಹೊತ್ತಿನಲ್ಲೂ, ಒಂದು ಉಸಿರಿನಷ್ಟು ಕಾಲ, ನನ್ನ ಕಿವಿ ರೊಟ್ಟಿಯ ಸಪ್ಪಳದ ಕಡೆಗಿತ್ತು. ಅಕ್ಕ ಏನಂತಾಳೆ? ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕುವವರೆಗೆ ಕೂಸನ್ನು ಹೊಸ್ತಿಲು ದಾಟಿಸುವಂತಿಲ್ಲ. ಥಂಡಿ ಬಡಿದರೆ? ಏನೂ ಆಗಿರದಿದ್ದರೆ? ಊರೆಲ್ಲ ನಕ್ಕರೆ?

ಆಮೇಲೆ ಕೂಸನ್ನು ಎತ್ತಿಕೊಂಡೆ. ಅದರ ತಲೆ ನನ್ನ ಮೊಣಕೈಯಿಂದ ಹಿಂದಕ್ಕೆ ಜಾರಿತು. ಕೆನ್ನೆ ಗುಲಾಬಿ ಬಣ್ಣ, ಎಂದಿಗಿಂತ ಚಂದ. ಅಷ್ಟು ಚಂದದ ಮುಖ ನೋಡಿ ಅಷ್ಟು ಹೆದರಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಗಿಳಿಗಳನ್ನು ದಾಟಿ, ಪಡಸಾಲೆ ದಾಟಿ, ಹೊಸ್ತಿಲು ದಾಟಿ ಅಂಗಳಕ್ಕೆ ಓಡಿದೆ. "ಅಕ್ಕಾ! ಅಕ್ಕಾ!" ಎಂದು ಕೂಗಿದ್ದು ನನ್ನ ದನಿ ಎಂದು ನನಗೇ ಗೊತ್ತಾಗಲಿಲ್ಲ. ನಾನು ಕೂಗುವವಳಲ್ಲ.

ರೊಟ್ಟಿಯ ಸಪ್ಪಳ ನಿಂತಿತು. ಅಕ್ಕ ಹಿಟ್ಟಿನ ಕೈಯಲ್ಲೇ ಬಂದಳು. "ಹುಚ್ಚ ಹಿಡದೈತೇನ ನಿನಗ? ಹಸಿಗೂಸನ್ನ ಬಯಲಾಗ ತಂದಿ!"

"ಅಳವಲ್ದು ಅಕ್ಕಾ. ಅಳವಲ್ದು. ಒಳಗ ಮಗಳಿಗೂ... ಬಾಗಲ ತಗಿ, ಕಿಟಕಿ ತಗಿ, ಶೇಗಡಿ ಹೊರಗ ಒಗಿ!"

ಅಕ್ಕ ನನ್ನ ಮುಖ ನೋಡಿದಳು. ಕೂಸಿನ ಮುಖ ನೋಡಿದಳು. ಬೈಯುವುದನ್ನು ಅರ್ಧಕ್ಕೇ ಬಿಟ್ಟು ಒಳಗೆ ಓಡಿದಳು.

ನಾನು ನೆತ್ತಿ ನೋಡಿದೆ. ಕಣ್ಣೀರಿಗೆ ಏನೂ ಕಾಣಲಿಲ್ಲ. ಬೆರಳಿಟ್ಟೆ. ಆಡುತ್ತಿತ್ತು. ಇಷ್ಟೇ ಇಷ್ಟು, ದೂರದಿಂದ ತಟ್ಟಿದ ಹಾಗೆ.

ಅದೇ ಹೊತ್ತಿಗೆ ಎರೆಯುವ ಮುದುಕಿ ಸಂಜೆಯ ಶಾಖಕ್ಕೆಂದು ಗೇಟು ದಾಟಿ ಬಂದಳು. ಒಂದು ಮಾತು ಕೇಳಲಿಲ್ಲ. ಬಾಯಲ್ಲಿದ್ದ ಎಲೆ ಉಗಿದು, ಕೂಸನ್ನು ನನ್ನ ಕೈಯಿಂದ ಕಸಿದುಕೊಂಡು, ಬೋರಲು ಮಾಡಿ ಬೆನ್ನು ತಿಕ್ಕಿ, ಅಂಗಾಲಿಗೆ ಬೆರಳಿನಿಂದ ಚಟ್ ಚಟ್ ಹೊಡೆಯತೊಡಗಿದಳು. "ಏಳ ನನ್ನವ್ವ. ಏಳ. ಬೈ ನನಗ. ದಿನಾ ಕುದಿಯೂ ನೀರ ಹಾಕತಾಳ ಈ ಮುದಕಿ ಅಂತ ಬೈ." ಅವಳ ಬೆರಳು ನಿಂತಿರಲಿಲ್ಲ.

ಎಷ್ಟು ಹೊತ್ತೋ. ಕೂಸು ಮೊದಲು ಬಾಯಿ ವಾರೆ ಮಾಡಿತು. ಆಮೇಲೆ ಬೆಕ್ಕಿನ ಮರಿಯಂಥ ಒಂದು ದನಿ. ಆಮೇಲೆ ಅತ್ತಿತು.

ಮುದುಕಿ ಅಂಗಳದ ನೆಲದ ಮೇಲೆ ಹಾಗೇ ಕುಸಿದು ಕೂತಳು. ಅಷ್ಟರಲ್ಲಿ ಅಕ್ಕ ಮಗಳನ್ನು ಬಗಲಿಗೆ ಕೈಕೊಟ್ಟು ಎಳೆದು ತಂದಿದ್ದಳು. ಬಾಣಂತಿ ಕಟ್ಟೆಗೆ ಒರಗಿ ವಾಂತಿ ಮಾಡುತ್ತಿದ್ದಳು. ಅವಳ ಬೆನ್ನ ತುಂಬ ಅಕ್ಕನ ರೊಟ್ಟಿ ಹಿಟ್ಟಿನ ಬೆರಳುಗಳು ಮೂಡಿದ್ದವು.

ಪಕ್ಕದ ಮನೆಯವರ ಕಾರಿನಲ್ಲಿ ಚಿಕ್ಕೋಡಿಯ ದವಾಖಾನೆಗೆ ಹೋದೆವು. ಡಾಕ್ಟರಬಾಯಿ ಇಬ್ಬರ ಮುಖಕ್ಕೂ ಆಕ್ಸಿಜನ್ ಹಚ್ಚಿಸಿ, ಮೊದಲು ಕೇಳಿದ್ದು ಒಂದೇ. "ಕೋಣಿಯೊಳಗ ಏನ ಉರೀತಿತ್ತು?"

ನಾನೇ ಹೇಳಿದೆ. "ಇದ್ದಲಿ ಶೇಗಡಿ."

"ಬಾಗಲ ಕಿಟಕಿ?"

"ಮುಚ್ಚಿದ್ವಿ."

ಆಕೆ ಬೈಯಲಿಲ್ಲ. ಇದ್ದಲಿಯಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷದ ಗಾಳಿ ಏಳುತ್ತದೆ, ಕೆಂಡ ಎಷ್ಟೇ ಕೆಂಪಗಿದ್ದರೂ, ಹೊಗೆ ಕಾಣದಿದ್ದರೂ ಏಳುತ್ತದೆ ಎಂದಳು. ಮುಚ್ಚಿದ ಕೋಣೆಯಲ್ಲಿ ಅದು ಮೊದಲು ತಲೆನೋವಾಗಿ ಬರುತ್ತದೆ, ಆಮೇಲೆ ನಿದ್ದೆಯಾಗಿ. "ಥಂಡಿಯೊಳಗ ಇಂಥವು ನಮ್ಮಲ್ಲಿ ಬರತಾವ್ರೀ. ಬಾಣಂತಿಗೆ ಎಚ್ಚರ ಇರೂವಾಗ ನೀವು ತಂದೀರಿ. ಇನ್ನರ್ಧ ತಾಸು..." ಅಷ್ಟಕ್ಕೇ ನಿಲ್ಲಿಸಿ ಕೂಸಿನ ಕಡೆ ತಿರುಗಿದಳು. ಮುಗಿಸದ ಆ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಮುಗಿದಿಲ್ಲ.

ಅಳಿಯ ಓಡಿ ಬಂದ. ಹೆಗಲ ಮೇಲೆ ನಾನು ಕೊಟ್ಟ ಟವೆಲ್ಲಿತ್ತು. ಯಾಕೆ ತಂದನೋ, ಅವನಿಗೇ ಗೊತ್ತಿರಲಿಲ್ಲ. ಕೂಸಿನ ಬಟ್ಟೆ ವಾಂತಿಯಲ್ಲಿ ಒದ್ದೆಯಾದಾಗ ನರ್ಸ್ ಅದೇ ಟವೆಲ್ಲಿನಲ್ಲಿ ಸುತ್ತಿದಳು. ನಾನು ತಂದ ಮೂರು ವಸ್ತುಗಳಲ್ಲಿ ಒಂದಾದರೂ ಕೆಡುಕು ಮಾಡಲಿಲ್ಲ ಎಂದುಕೊಂಡೆ.

ಹೊರಗಿನ ಬಾಕಿನ ಮೇಲೆ ಅಕ್ಕನೂ ನಾನೂ ಕೂತಿದ್ದೆವು. ಅವಳ ಬೆರಳಿನ ಸಂದಿಯಲ್ಲಿ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ನಾನು ತಡೆಯಲಾರದೆ ಅಂದೆ, "ಅಕ್ಕಾ, ಶೇಗಡಿ ನಾ ತಂದದ್ದು. ಚೀಲ ನಾ ಹೊಲದದ್ದು. ನಿನ್ನೀನ ನನಗ ಸಂಶೆ ಬಂದಿತ್ತು. ಬೆಕ್ಕ ಎಳದೈತಿ ಅಂತ ಸುಳ್ಳ ಹೇಳಿದ್ನಿ."

ಅಕ್ಕ ಉಗುರಿನಿಂದ ಹಿಟ್ಟು ಕೆರೆದಳು. "ಕಿಟಕಿಗೆ ಸೀರಿ ತುರಕಿದಾಕಿ ನಾನು," ಎಂದಳು. "ನೀ ಹೇಳಿದಾಗ ನಕ್ಕಾಕಿನೂ ನಾನು. ಸುಮ್ನ ಕುಂದರು."

ಎರಡು ದಿನಕ್ಕೆ ತಾಯಿ ಕೂಸು ಮನೆಗೆ ಬಂದರು. ಕಳಿಸುವಾಗ ಡಾಕ್ಟರಬಾಯಿ, "ಈಗ ಎಲ್ಲಾ ಛಲೋ ಐತಿ. ಬೆಳವಣಿಗಿ ಮ್ಯಾಲ ಮಾತ್ರ ಕಣ್ಣಿಡ್ರಿ" ಎಂದಳು. ಎಲ್ಲರೂ ಮೊದಲ ಅರ್ಧ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟರು. ನನಗೆ ಕೇಳಿದ್ದು ಎರಡನೆಯ ಅರ್ಧ.

ಗಿಳಿಗಳನ್ನು ನಾನು ನಿಪ್ಪಾಣಿಗೆ ವಾಪಸು ತಂದು ಒಂದೊಂದೇ ಬಿಚ್ಚಿದೆ. ಸಿಸ್ಟರ್ ಬಿಚ್ಚಿಸುತ್ತಿದ್ದ ಹಾಗೆ, ಎಳೆ ಹರಿಯದಂತೆ. ಬಿಚ್ಚಿದ ಮೇಲೂ ಬಟ್ಟೆಯಲ್ಲಿ ಸೂಜಿಯ ತೂತುಗಳು ಗಿಳಿಯ ಆಕಾರದಲ್ಲೇ ಉಳಿದವು.

ಆಮೇಲಿನ ಒಂದು ವರ್ಷ ನಾನು ಫೋನಿನಲ್ಲೇ ಬದುಕಿದೆ. ಕೂಸು ಕುತ್ತಿಗೆ ನಿಲ್ಲಿಸಿತೇ? ಬೋರಲು ಬಿತ್ತೇ? ಸಪ್ಪಳಕ್ಕೆ ತಿರುಗುತ್ತದೆಯೇ? ಮಗಳು ನಗುತ್ತಿದ್ದಳು, "ಮೌಶಿ, ನೀವ ಅದರ ಪರೀಕ್ಷಾ ತಗೋಳಾಕತ್ತೀರಿ." ಒಂದು ಸಲ ಹೋದಾಗ, ಆಡುತ್ತಿದ್ದ ಕೂಸಿನ ಬೆನ್ನ ಹಿಂದೆ ನಿಂತು ಬಳೆ ಆಡಿಸಿದೆ. ತಿರುಗಲಿಲ್ಲ. ಇನ್ನೊಮ್ಮೆ ಆಡಿಸಿದೆ. ತಿರುಗಲಿಲ್ಲ. ಆಗ ಅದು ತಾನು ಚೀಪುತ್ತಿದ್ದ ಚಮಚವನ್ನು ಕೆಳಗೆ ಒಗೆದು, ಬೇಜಾರಿನಿಂದ ತಿರುಗಿ, ಏನು ನಿಂದು ಎನ್ನುವ ಹಾಗೆ ನನ್ನನ್ನು ನೋಡಿತು. ಈಗ ಗೋಡೆ ಹಿಡಿದು ನಡೆಯುತ್ತದೆ. ಎಲ್ಲವೂ ಹೊತ್ತಿಗೆ ಸರಿಯಾಗಿಯೇ ಬಂದಿದೆ ಎನ್ನುತ್ತಾರೆ. ನನಗೆ ಮಾತ್ರ ಮುಂದಿನದರ ಮೇಲೆ ಕಣ್ಣು.

ಉಡುಗೊರೆ ಒಯ್ಯುವುದನ್ನು ಬಿಟ್ಟಿಲ್ಲ. ಆದರೆ ಕೋಣೆ ನೋಡದೆ ಏನೂ ಕೊಳ್ಳುವುದಿಲ್ಲ. ಹತ್ತು ಸಲ ಒಗೆದು ಮೆತ್ತಗಾದ ಹಳೆ ಧೋತರದ ತುಂಡುಗಳು, ಮಲಗಿದಲ್ಲಿಂದ ಕೈಗೆಟುಕುವ ಮುಚ್ಚಳದ ನೀರಿನ ತಂಬಿಗೆ, ಬೆನ್ನಿಗೆ ಕಾಯಿಸಿ ಇಟ್ಟುಕೊಳ್ಳುವ ಬಿಸಿನೀರಿನ ರಬ್ಬರ್ ಚೀಲ, ಅಪ್ಪನಿಗೊಂದು ಟವೆಲ್ಲು. ಸಿಸ್ಟರ್ ಕೇಳುತ್ತಿದ್ದ ಪ್ರಶ್ನೆಗೆ ನಾನು ಇನ್ನೊಂದು ಸೇರಿಸಿಕೊಂಡಿದ್ದೇನೆ: ಇದರ ಪಕ್ಕದಲ್ಲಿ ಇನ್ನೇನಿದೆ?

ಈ ಥಂಡಿಯಲ್ಲಿ ಭೋಜ ಊರಿನ ನೆಂಟರ ಮನೆಯಲ್ಲಿ ಕೂಸು ಹುಟ್ಟಿತು. ಅಕ್ಕನೂ ನಾನೂ ಕೂಡಿ ಹೋದೆವು. ಆ ಸೋಮವಾರದ ಬಗ್ಗೆ ದವಾಖಾನೆಯ ಬಾಕಿನ ಮೇಲಿಂದ ಎದ್ದ ಮೇಲೆ ಅಕ್ಕ ಒಂದು ಮಾತೂ ಆಡಿರಲಿಲ್ಲ. ನೆಂಟರು ಕೇಳಿದರೆ, "ಬಾಣಂತಿಗೆ ಪಿತ್ತ ಆಗಿತ್ತು" ಎಂದು ಮುಗಿಸಿಬಿಡುತ್ತಿದ್ದಳು. ಆ ಮನೆಯ ಹಿರಿಯಳು ನಮ್ಮನ್ನು ಕೋಣೆಗೆ ಕರೆದೊಯ್ದಳು. ಹೊಸ ಮನೆ, ಗಾಜಿನ ಕಿಟಕಿ, ಹೊರಸಿನ ಕೆಳಗೆ ಕೆಂಪಗೆ ಕೆಂಡ. ಉಡುಗೊರೆಯ ಚೀಲ ಕೆಳಗಿಟ್ಟೆ. ಈ ಸಲ ಹೇಳಲೇಬೇಕು ಎಂದುಕೊಂಡು ನಾನು ಮಾತು ಹುಡುಕುತ್ತಿದ್ದೆ.

ಅಕ್ಕ ಮಾತು ಹುಡುಕಲಿಲ್ಲ. ಚಪ್ಪಲಿ ಬಿಟ್ಟವಳು ನೇರ ಕಿಟಕಿಯ ಹತ್ತಿರ ಹೋಗಿ, ಗಾಜನ್ನು ಪೂರ್ತಿ ಆಚೆಗೆ ಸರಿಸಿದಳು. ಆಮೇಲೆ ಸೆರಗಿನಲ್ಲಿ ಹಿಡಿದು ಶೇಗಡಿಯನ್ನು ಎಳೆದುಕೊಂಡಳು.

"ಅಯ್ಯ, ಥಂಡಿ ಗಾಳಿ ಬರತೈತ್ರೀ ಅಕ್ಕಾರ! ಬೆಂಕಿ ಯಾಕ ತಗೀತೀರಿ?" ಹಿರಿಯಳು ಗಾಬರಿಯಾದಳು.

"ಗಾಳಿ ಬರಲಿ," ಎಂದಳು ಅಕ್ಕ. ಶೇಗಡಿ ಹಿಡಿದು ಹೊಸ್ತಿಲಲ್ಲಿ ನಿಂತು ಒಂದು ಸಲ ನನ್ನ ಕಡೆ ನೋಡಿದಳು. "ನನ್ನ ಮೊಮ್ಮಗಳ ಜೀವ ಇದರಿಂದ ಹೋಗ್ತಿತ್ತು. ಬರ್ರಿ ಹೊರಗ, ಎಲ್ಲಾ ಹೇಳತೇನಿ."

ಅವರಿಬ್ಬರೂ ಅಂಗಳಕ್ಕೆ ಹೋದರು. ಬಾಣಂತಿ ಹುಡುಗಿ ಕಣ್ಣರಳಿಸಿ ನನ್ನನ್ನು ನೋಡುತ್ತಿದ್ದಳು. ಅವಳಿಗೊಂದು ಕೌದಿ ಹೊದಿಸಿ, ಕೂಸಿಗೆ ಕುಂಚಿಗೆ ಸರಿಮಾಡಿ, ಹೊರಸಿನ ಅಂಚಿಗೆ ಕೂತೆ. ಗೂಡಿನಲ್ಲಿ ಊದಿನಕಡ್ಡಿ ಉರಿಯುತ್ತಿತ್ತು. ಅದರ ಹೊಗೆ ಕಿಟಕಿಯ ಕಡೆಗೆ ಬಾಗಿ, ಮುರಿದು, ಚೆದುರಿ ಹೋಗುತ್ತಿತ್ತು. ಆದರೂ ಕುಂಚಿಗೆಯನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿ ನಾನು ನೆತ್ತಿ ನೋಡುತ್ತ ಕೂತೆ.